ಯಾಕೋಬ ಮುಳುಗಿ ಎದ್ದ ಹಳ್ಳ

ಶರಾವತಿಗೆ ಅಣೆಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಹೊಸತರಲ್ಲಿ ನಾನು ಸಾಗರದ ಕಡೆ ಓವರ್ಸಿಯರ್ ಆಗಿದ್ದೆ. ಒಂದು ಸಂಜೆ ನಮ್ಮ ಮೇಸ್ತ್ರಿ ಯಾಕೋಬ ದಡದಲ್ಲಿ ನಿಂತು ನಡುನೀರಿನ ಕಡೆ ಕೈ ತೋರಿಸಿದ.

"ಅಲ್ಲೊಂದು ಹಳ್ಳ ಇತ್ತು ಸಾರ್. ನಂಗೆ ದೀಕ್ಷಾಸ್ನಾನ ಆಗಿದ್ದು ಅದ್ರಲ್ಲೇ."

"ಮುಳುಗಿ ಹೋಯ್ತಲ್ಲ, ಬೇಜಾರಿಲ್ವಾ?"

"ಬೇಜಾರೆಂತಕ್ಕೆ? ಮುಂಚೆ ನಾನು ದೊಡ್ಡ ಕುಡುಕ. ಆ ಕುಡುಕನ್ನ ಅಲ್ಲೇ ಹೂತು ಎದ್ದು ಬಂದೆ. ಆದ್ರೂ ಸಂಬಳದ ದಿನ ಬೆನ್ನಿಗೆ ಬರ್ತಿದ್ದ. ಇನ್ನು ಇಷ್ಟು ನೀರು ದಾಟಿ ಹೆಂಗೆ ಬರ್ತಾನೆ?"

ಹುಟ್ಟಿನಿಂದ ಕ್ರೈಸ್ತನಾದ ನನಗೆ ಹೊಟ್ಟೆ ಉರಿಯಿತು. ಕ್ರಿಸ್ತನೊಂದಿಗೆ ಸತ್ತು ಏಳುವುದೇ ದೀಕ್ಷಾಸ್ನಾನ ಎಂದು ನಾನು ಬಾಯಿಪಾಠ ಮಾಡಿದ್ದೆ. ಇವನು ಜಾಗವನ್ನೇ ತೋರಿಸುತ್ತಿದ್ದ. ಸಾಲದ್ದಕ್ಕೆ ಅವನ ಹಳ್ಳ ಸಮುದ್ರದಷ್ಟಾಗಿತ್ತು.

"ನಿಮ್ದು ಎಲ್ಲಾಯ್ತು ಸಾರ್?"

"ಮಂಗಳೂರಲ್ಲಿ. ತಿಂಗಳ ಕೂಸಂತೆ ನಾನು. ಹಣೆಗೆ ಮೂರು ಹನಿ ಹಾಕಿದ್ರಂತೆ."

ಯಾಕೋಬ ನನ್ನ ಮುಖವನ್ನೇ ನೋಡಿದ. ಅವನಿಗೂ ಹೊಟ್ಟೆಕಿಚ್ಚು.

"ಪುಣ್ಯವಂತರು ಸಾರ್. ಹೂಳೋಕೆ ನಿಮ್ಗೆ ಏನೂ ಇರ್ಲಿಲ್ಲ."

ಆಗ ಇರಲಿಲ್ಲ, ನಿಜ. ಆಮೇಲೆ ಬೇಕಾದಷ್ಟು ಸೇರಿಕೊಂಡಿದೆ. ನೀರು ಮಾತ್ರ ಆ ಮೂರು ಹನಿಯೇ.