ಒಲೆ ಹಚ್ಚದ ಉಂಡೆ

ಮೇಸ್ತ್ರಿಗೆ ತನ್ನದೇ ಅಡುಗೆಮನೆಯಲ್ಲಿ ನೀರು ಕುಡಿಯುವುದು ಬಿಟ್ಟರೆ ಬೇರೆ ಯಾವ ಹಕ್ಕೂ ಇರಲಿಲ್ಲ. ತಪ್ಪು ಯಾರದ್ದೂ ಅಲ್ಲ, ಅವನದ್ದೇ. ಒಂದು ದಿನ ಒಲೆಯ ಮೇಲೆ ಹಾಲಿಟ್ಟ ಮಹಾಶಯ, ಎದುರುಮನೆಯ ಗೋಡೆಗೆ ಯಾರೋ ಗಾರೆ ಮೆತ್ತುತ್ತಿದ್ದದ್ದು ಕಂಡು ಕಿಟಕಿಗೆ ಅಂಟಿಕೊಂಡ. "ಮೂಲೆ ಸೊಟ್ಟ ಹೋಯ್ತಲ್ಲಯ್ಯಾ, ದಾರ ಕಟ್ಟಿಕೊಳ್ಳೋ" ಅಂತ ಅಲ್ಲಿಗೆ ಬುದ್ಧಿ ಹೇಳುತ್ತಿರುವಾಗ ಇಲ್ಲಿ ಹಾಲು ಉಕ್ಕಿ, ತಳ ಸೀದು, ಪಕ್ಕದ ಮಸಿಬಟ್ಟೆಗೆ ಬೆಂಕಿ ಹತ್ತಿತ್ತು. ಹೆಂಡತಿ ಬಂದು ಆರಿಸಿದಳು. "ಇನ್ನೊಂದು ಸಲ ಒಲೆ ಮುಟ್ಟಿ ನೋಡೋಣ" ಅಂದಳು. ಅವಳು ಹಾಗೆ ತಣ್ಣಗೆ ಅಂದರೆ ಮುಗೀತು, ಅದರ ಮೇಲೆ ಅಪೀಲಿಲ್ಲ.

ಆ ಊರಿನ ಅರ್ಧ ಗೋಡೆಗಳನ್ನು ನುಣುಪು ಮಾಡಿದವನು ಅವನು. ಗಾರೆ ಮೆತ್ತಿ ಕರಣೆ ಎಳೆದರೆ ಗೋಡೆಯಲ್ಲಿ ಮುಖ ನೋಡಿಕೊಳ್ಳಬಹುದು ಅಂತ ಜನ ಹೇಳುತ್ತಿದ್ದರು. ಈಗ ಬಲಭುಜ ಮೇಲೇಳುತ್ತಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ, ಕೂತಲ್ಲೇ ಬಿರುಕು ಹುಡುಕುತ್ತಿದ್ದ. ಹೆಂಡತಿ ಮಾತ್ರ ದಿನಾ ಬೆಳಿಗ್ಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಹೋಗುತ್ತಿದ್ದಳು. ದೊಡ್ಡ ದೊಡ್ಡ ಯಂತ್ರಗಳು, ಗುಡ್ಡೆಗುಡ್ಡೆ ಹಾಸಿಗೆ ಬಟ್ಟೆ, ಇಸ್ತ್ರಿಯ ಹಬೆ. ಅಲ್ಲಿ ನಿಂತೇ ದುಡಿಯಬೇಕು.

ಒಂದು ಮಧ್ಯಾಹ್ನ ಅವಳ ಜೊತೆ ಬಟ್ಟೆ ಮಡಿಸುವ ಉದ್ದಕ್ಕ ಅವಳನ್ನು ತೋಳು ಹಿಡಿದು ಮನೆಗೆ ಕರೆತಂದಳು. ಆಳೆತ್ತರದ ಹೆಂಗಸು, ಅದಕ್ಕೇ ಎಲ್ಲರಿಗೂ ಉದ್ದಕ್ಕ.

"ತಲೆ ಸುತ್ತಿ ಬಿದ್ದರು ಮೇಸ್ತ್ರಿ. ಬೀಳದೆ ಇನ್ನೇನು? ಡಬ್ಬಿ ಮುಚ್ಚಳ ತೆಗೆದ್ರೆ ಸಾಕು, ನೀ ತಗೋ, ನೀ ತಗೋ ಅಂತ ಎಲ್ಲರಿಗೂ ಹಂಚಿಬಿಡ್ತಾರೆ. ತಾವು ಬರೀ ಟೀ ಕುಡಿದು ಎದ್ದುಹೋಗ್ತಾರೆ."

"ಇವಳೊಬ್ಬಳು, ಇಲ್ಲದ್ದೆಲ್ಲ ಹೇಳ್ತಾಳೆ" ಅಂತ ಚಾಪೆಯ ಮೇಲೆ ಮಲಗಿದ್ದ ಹೆಂಡತಿ ಮಗ್ಗುಲು ಬದಲಿಸಿದಳು. ಡಾಕ್ಟರೂ ಅದನ್ನೇ ಹೇಳಿದರು: ರೋಗ ಗೀಗ ಏನಿಲ್ಲ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು, ಇಲ್ಲದಿದ್ದರೆ ಮತ್ತೆ ಬೀಳುತ್ತಾರೆ. ಮೇಸ್ತ್ರಿಗೆ ಜೀವವೇ ಬಾಯಿಗೆ ಬಂದಿತ್ತು. ಅವಳು ಆ ಬಿಸಿ ಯಂತ್ರದ ಮೇಲೇ ಬಿದ್ದಿದ್ದರೆ? ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲಿಕ್ಕೇ ಅವನಿಂದ ಆಗಲಿಲ್ಲ.

ಮಗಳಿಗೆ ಫೋನ್ ಮಾಡಿದ. "ಒಲೆ ಹಚ್ಚದೆ ಏನಾದ್ರೂ ಮಾಡೋಕಾಗುತ್ತೇನಮ್ಮ? ನಿಮ್ಮಮ್ಮ ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳೋ ಹಾಗಿರಬೇಕು."

"ಓಟ್ಸ್ ಉಂಡೆ ಮಾಡಪ್ಪ. ಓಟ್ಸು, ಜೇನುತುಪ್ಪ, ಬಾದಾಮಿ ಪುಡಿ, ಒಣದ್ರಾಕ್ಷಿ. ಕಲಸು, ಉಂಡೆ ಕಟ್ಟು, ಫ್ರಿಜ್ಜಿನಲ್ಲಿಡು. ಅಷ್ಟೇ."

ಕಲಸು ಅಂದ ಕೂಡಲೇ ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಕಲಸುವುದನ್ನು ಇವನಿಗೆ ಯಾರು ಹೇಳಿಕೊಡಬೇಕು? ಹೆಂಡತಿ ಕೆಲಸಕ್ಕೆ ಹೋದ ಮೇಲೆ ದೊಡ್ಡ ಬೋಗುಣಿ ಎಳೆದುಕೊಂಡು ನೆಲದ ಮೇಲೆ ಕೂತ. ಓಟ್ಸನ್ನು ಗುಡ್ಡೆ ಮಾಡಿದ, ನಡುವೆ ಗುಂಡಿ ತೆಗೆದ, ಅದರೊಳಗೆ ಜೇನುತುಪ್ಪ ಹೊಯ್ದ, ಸುತ್ತಲಿಂದ ಒಳಕ್ಕೆಳೆದು ಕಲಸಿದ, ಸಿಮೆಂಟಿಗೆ ಮಾಡಿದ ಹಾಗೆಯೇ. ಎಡಗೈಯೇ ಸಾಕಾಯಿತು. ಒಂದೇ ಅಳತೆಯ ಉಂಡೆಗಳು ತಟ್ಟೆಯ ಮೇಲೆ ಸಾಲಾಗಿ ಕೂತವು. ಭೇಷ್ ಅಂತ ತನಗೆ ತಾನೇ ಹೇಳಿಕೊಂಡು ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟ.

ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಹುಟ್ಟುಗುಣ ಎಲ್ಲಿ ಬಿಡುತ್ತದೆ? ಗಾರೆ ಮಾಡಿದ ಮೇಲೆ ನೀರುಣಿಸದೆ ಬಿಟ್ಟ ಗೋಡೆ ಅವನ ಜನ್ಮದಲ್ಲೇ ಇಲ್ಲ. ನೀರು ಕುಡಿದಷ್ಟೂ ಗಟ್ಟಿ, ಅದು ಅವನ ಕಸುಬಿನ ಮೊದಲ ಪಾಠ. ಫ್ರಿಜ್ಜಿನಿಂದ ತಟ್ಟೆ ತೆಗೆದು ಉಂಡೆಗಳ ಮೇಲೆ ನೀರು ಚಿಮುಕಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಮುಕಿಸಿದ. ಆಮೇಲೆ ಒದ್ದೆ ಬಟ್ಟೆಯನ್ನೂ ಹೊದಿಸಿ ಮುಗಿಸಿದ.

ಸಂಜೆ ಹೆಂಡತಿ ಬಟ್ಟೆ ಎತ್ತಿ ನೋಡಿದರೆ ಉಂಡೆಗಳೆಲ್ಲ ಕರಗಿ, ಒಂದರೊಳಗೊಂದು ಸೇರಿ ಅಂಬಲಿಯಾಗಿದ್ದವು.

"ಇದೇನ್ರೀ?"

"ಈ ಓಟ್ಸು ಕಳಪೆ ಮಾಲು" ಅಂದ ಮೇಸ್ತ್ರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಫೋನಿನಲ್ಲಿ ಮಗಳು ಕೇಳಿದಳು, "ನೀರು ಯಾಕಪ್ಪ ಹಾಕಿದೆ?"

"ಗಟ್ಟಿಯಾಗ್ಲಿ ಅಂತ."

"ಅದೇನು ಗೋಡೆನಾ?"

ಹೆಂಡತಿ ಕೂತಲ್ಲೇ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಸ್ತ್ರಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಆದರೂ ಅವಳು ನಕ್ಕದ್ದು ನೋಡಿ ಅವನಿಗೆ ಒಳಗೊಳಗೇ ಖುಷಿಯಾಯಿತು. ತಲೆ ಸುತ್ತಿ ಬಿದ್ದ ಮೇಲೆ ಅವಳು ನಕ್ಕೇ ಇರಲಿಲ್ಲ.

ಮಾರನೆಯ ದಿನ ಹಟ ಹಿಡಿದು ಮತ್ತೆ ಕೂತ. ನೀರಿನ ಚೊಂಬನ್ನು ಬೇಕೆಂದೇ ಹಿತ್ತಿಲಲ್ಲಿಟ್ಟು ಬಂದ. ಈ ಸಲದ ಉಂಡೆ ಬೆರಳಲ್ಲಿ ಒತ್ತಿದರೆ ಮಣಿಯುತ್ತಿತ್ತು, ಒಡೆಯುತ್ತಿರಲಿಲ್ಲ. ಡಬ್ಬಿಗೆ ತುಂಬಿ ಅವಳ ಚೀಲದಲ್ಲಿಟ್ಟ.

ಡಬ್ಬಿ ಖಾಲಿಯಾಗಿ ಬಂತು. ದಿನಾ ಖಾಲಿಯಾಗಿಯೇ ಬಂತು. "ಹೇಗಿತ್ತೇ?" ಅಂದರೆ "ಪರವಾಗಿಲ್ಲ" ಅನ್ನುತ್ತಿದ್ದಳು. ಮೊದಮೊದಲು ಮೇಸ್ತ್ರಿ ಹಿಗ್ಗಿದ. ಆಮೇಲೆ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು: ಖಾಲಿ ಡಬ್ಬಿ ತಿಂದದ್ದಕ್ಕೆ ಸಾಕ್ಷಿಯೇ? ಹಂಚಿದರೂ ಖಾಲಿಯಾಗುತ್ತದಲ್ಲ. ಇಡೀ ಕೋಣೆ ಇವನ ಉಂಡೆ ತಿಂದು ದುಂಡಗಾಗುತ್ತಿದೆ, ಇವಳು ಟೀ ಕುಡಿದು ಮತ್ತೆ ಬೀಳುತ್ತಾಳೆ ಅನ್ನಿಸಿ ಅವನಿಗೆ ತುತ್ತು ಇಳಿಯಲಿಲ್ಲ.

ತಡೆಯಲಾರದೆ ಒಂದು ದಿನ ಬಿಡುವಿನ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಹಿಂಬಾಗಿಲಿಗೆ ಹೋಗಿ, ಕೊಳೆ ಬಟ್ಟೆಯ ಗಾಡಿಗಳ ಮರೆಯಲ್ಲಿ ಕಳ್ಳನ ಹಾಗೆ ನಿಂತ. ಯಂತ್ರಗಳು ನಿಂತಿದ್ದವು. ಹೆಂಗಸರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಹೆಂಡತಿ ಊಟದ ಡಬ್ಬಿ ತೆರೆದಳು, ಅರ್ಧಕ್ಕರ್ಧ ಹಂಚಿಬಿಟ್ಟಳು. ಉಂಡೆಯ ಗತಿಯೂ ಇಷ್ಟೇ ಅಂದುಕೊಂಡ ಮೇಸ್ತ್ರಿ. ಆಮೇಲೆ ಉಂಡೆಯ ಡಬ್ಬಿ ತೆರೆದಳು. ಪಕ್ಕದಲ್ಲಿದ್ದ ಉದ್ದಕ್ಕ ಕೈ ಚಾಚಿದಳು.

ಹೆಂಡತಿ ಡಬ್ಬಿಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡಳು.

"ದಿನಾ ಕೇಳ್ತೀಯಲ್ಲೇ, ನಾಚಿಕೆ ಆಗಲ್ವಾ? ಬೇರೆ ಏನು ಬೇಕಾದ್ರೂ ತಗೋ. ಇದು ನಮ್ಮನೆಯವರು ನನಗೆ ಅಂತ ಮಾಡಿದ್ದು."

ಹಾಗಂದು ಒಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸದ್ದಿಲ್ಲದೆ ವಾಪಸು ಬಂದ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ, ಕಣ್ಣೂ ಒರೆಸಿಕೊಳ್ಳುತ್ತಿದ್ದ.

ಸಂಜೆ ಹೆಂಡತಿ ಡಬ್ಬಿ ತೊಳೆದು ಕವುಚಿ ಹಾಕುತ್ತಾ ಅಂದಳು, "ನಾಳೆಗೆ ಇನ್ನೊಂದೆರಡು ಜಾಸ್ತಿ ಹಾಕಿ."

"ಯಾಕೆ, ಹಂಚೋಕಾ?" ಅಂದ ಮೇಸ್ತ್ರಿ, ಏನೂ ಗೊತ್ತಿಲ್ಲದವನ ಹಾಗೆ.

"ಹಂಚೋಕ್ಯಾಕೆ? ನನಗೇ ಸಾಲ್ತಿಲ್ಲ."