ಗುಡ್ಡ ಹತ್ತಿದವರ ತಲೆ ಎಣಿಸುವ ಬೆಳ್ಳಿಯಪ್ಪ

ಬೆಳಗಿನ ಜಾವ ಐದು ಗಂಟೆ. ಬಣಕಲ್‌ನಿಂದ ಒಂದಿಷ್ಟು ಒಳಗಿರುವ ಕೊಡೆಕಲ್ಲು ಗುಡ್ಡದ ಬುಡದಲ್ಲಿ ಎರಡು ಜೀಪುಗಳು ನಿಂತಿವೆ. ಚಿಕ್ಕಮಗಳೂರಿನಿಂದ ಬಂದ ಒಂಬತ್ತು ಮಂದಿ ಫೋಟೊಗ್ರಾಫರುಗಳಿಗೆ ಸೂರ್ಯ ಹುಟ್ಟುವ ಮೊದಲು ನೆತ್ತಿ ತಲುಪುವ ಆತುರ. ಕಾಫಿ ಅಂಗಡಿಯ ಬೆಳ್ಳಿಯಪ್ಪನವರಿಗೆ ಮಾತ್ರ ಯಾವ ಆತುರವೂ ಇಲ್ಲ. ಬೆಂಚಿನ ಮೇಲೆ ಗೋಣಿ ಹಾಸಿ, ಖಾಕಿ ಚೀಲವೊಂದನ್ನು ಅದರ ಮೇಲೆ ಸುರಿದಿದ್ದಾರೆ.

"ಹಗ್ಗ ಇದೆ. ಬ್ಯಾಟ್ರಿ ಹೊತ್ತಿಸಿ ನೋಡಿ. ಸೀಟಿ ಒಂದ್ಸಲ ಊದಿ."

"ಈಗ್ಲೇ ಊದಿದ್ರೆ ಊರೆಲ್ಲ ಏಳ್ತದಲ್ಲ ಬೆಳ್ಳಿಯಪ್ಪನವ್ರೆ!"

"ಏಳ್ಲಿ ಮಾರಾಯ್ರೆ. ಊದೋಕೆ ಬರದ ಸೀಟಿ ತಗೊಂಡು ಮೇಲೆ ಹೋಗಿ ಏನ್ ಮಾಡ್ತೀರಿ?"

ಸೀಟಿ ಊದಿದ ಮೇಲೆಯೇ ಚೀಲ ಕೈಗೆ. ಅದರೊಳಗೆ ಟಿಂಚರು, ಹತ್ತಿ, ಬಟ್ಟೆಪಟ್ಟಿ, ಬೆಲ್ಲದ ಉಂಡೆ, ಮಳೆಗೆ ಹೊದೆಯಲು ಪ್ಲಾಸ್ಟಿಕ್ ಕೊಪ್ಪೆ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪಿನ ಗಂಟು. ಮೂಳೆ ಮುರಿದರೆ ಕಟ್ಟಲು ಅಳತೆಗೆ ಕತ್ತರಿಸಿದ ಎರಡು ಅಡಿಕೆ ಹಾಳೆ. ಬೆಂಕಿಕಡ್ಡಿಗಳು ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ಬೆಚ್ಚಗಿವೆ. ಎಂಥ ಮಳೆಗೂ ಆ ಮುಚ್ಚಳದೊಳಗೆ ನೀರು ಇಳಿಯುವುದಿಲ್ಲ. ಇಂಥ ಚೀಲಗಳು ಮೂರಿವೆ. ಬಾಡಿಗೆ ಇಲ್ಲ, ವಾಪಸು ಕೊಟ್ಟರಾಯಿತು.

ಹೊರಡುವ ಮುನ್ನ ಇನ್ನೊಂದು ಕೆಲಸವಿದೆ. ಪ್ರತಿಯೊಬ್ಬರೂ ರೀಲಿನ ಒಂದು ಖಾಲಿ ಡಬ್ಬಿ ಕೊಡಬೇಕು. ಒಳಗಿನ ಚೀಟಿಯಲ್ಲಿ ಹೆಸರು, ಮನೆಯ ಫೋನು, ಇಳಿದು ಬರುವ ಹೊತ್ತು. ಡಬ್ಬಿಗಳು ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಕೂರುತ್ತವೆ. ಇಳಿದವರು ತಮ್ಮದನ್ನು ತೆಗೆದುಕೊಂಡು ಹೋಗಬೇಕು. ಹೇಳಿದ ಹೊತ್ತು ಮೀರಿಯೂ ಡಬ್ಬಿ ಉಳಿದರೆ ಬೆಳ್ಳಿಯಪ್ಪ ಹಗ್ಗ ಹಿಡಿದು ಗುಡ್ಡ ಹತ್ತುತ್ತಾರೆ.

ಇದು ಕಾಫಿ ಎಸ್ಟೇಟಿನಿಂದ ಬಂದ ಅಭ್ಯಾಸ ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಅವರು ಹೇಳುತ್ತಾರೆ. ಇಪ್ಪತ್ತಾರು ವರ್ಷ ಅವರು ಮೇಸ್ತ್ರಿಯಾಗಿದ್ದವರು. "ಬೆಳಗ್ಗೆ ನಲವತ್ತು ಜನ ಹಣ್ಣು ಕೊಯ್ಯೋಕೆ ಹೋದ್ರೆ ಸಂಜೆ ನಲವತ್ತು ಜನ ಬರಬೇಕು ಅಮ್ಮ. ಮೂವತ್ತೊಂಬತ್ತು ಬಂದ್ರೆ ಮೇಸ್ತ್ರಿಗೆ ಊಟ ಇಲ್ಲ." ಮಂಡಿ ಸೋತ ಮೇಲೆ, ತೊಂಬತ್ತನಾಲ್ಕರಲ್ಲಿ, ಹೆಂಡತಿ ಅಂಜನಮ್ಮನವರ ಜೊತೆ ಈ ಅಂಗಡಿ ಇಟ್ಟರು. ಈಗ ಅವರಿಗೆ ಅರವತ್ತೊಂದು. ಚಳಿಗಾಲದ ಭಾನುವಾರಗಳಲ್ಲಿ ಹನ್ನೆರಡರಿಂದ ಹದಿನೈದು ಡಬ್ಬಿಗಳು ಹಲಗೆ ಏರುತ್ತವೆ.

ಈ ಕ್ರಮದಲ್ಲಿ ಅವರು ತಪ್ಪಿದ್ದು ಒಂದೇ ಸಲ, ತೊಂಬತ್ತಾರರ ಅಕ್ಟೋಬರಿನಲ್ಲಿ. ಗುಡ್ಡದ ಆಚೆ ಬದಿ ಇಳಿದರೆ ಕಳಸದ ರಸ್ತೆ. ಆ ತಿಂಗಳು ಮೂರು ಜನ ಹಾಗೆ ಇಳಿದು, ಬಸ್ಸು ಹತ್ತಿ ಹೋಗಿ, ಬೆಳ್ಳಿಯಪ್ಪನವರನ್ನು ಸುಮ್ಮನೆ ಅಲೆಸಿದ್ದರು. ನಾಲ್ಕನೆಯದಾಗಿ ಯಜ್ಞನಾರಾಯಣ ಎಂಬ ಶಾಲಾ ಮೇಷ್ಟ್ರ ಡಬ್ಬಿ ಉಳಿದಾಗ, ಇವರೂ ಕಳಸಕ್ಕೇ ಹೋಗಿರಬೇಕೆಂದು ಅವರು ಅಂಗಡಿ ಮುಚ್ಚಿದರು. ಮೇಷ್ಟ್ರು ಕಾಲು ಮುರಿದುಕೊಂಡು ಬಂಡೆಯ ಸಂದಿಯಲ್ಲಿ ಬಿದ್ದಿದ್ದರು. ದನ ಮೇಯಿಸುವವರ ಕಣ್ಣಿಗೆ ಬಿದ್ದದ್ದು ಮರುದಿನ.

"ಕೂಗಿ ಕೂಗಿ ಅವ್ರ ಗಂಟಲೇ ಕಟ್ಟಿತ್ತು. ನಂಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು." ಚೀಲಕ್ಕೆ ಸೀಟಿ ಸೇರಿದ್ದು ಆಮೇಲೆ. ಈಗ ಸ್ವಲ್ಪ ಕುಂಟುವ ಮೇಷ್ಟ್ರು ಪ್ರತಿ ಜೂನಿನಲ್ಲಿ, ಶಾಲೆ ತೆರೆಯುವ ಹೊತ್ತಿಗೆ, ಮೂರು ಹೊಸ ಸೀಟಿಗಳನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಾರೆ.

ಅಲ್ಲಿಂದೀಚೆಗೆ ಬೆಳ್ಳಿಯಪ್ಪ ಇಪ್ಪತ್ತಮೂರು ಸಲ ಹುಡುಕಿಕೊಂಡು ಹೋಗಿದ್ದಾರೆ. ಆಪತ್ತಿನಲ್ಲಿದ್ದವರು ಸಿಕ್ಕಿದ್ದು ನಾಲ್ಕು ಸಲ.

ಇವತ್ತು ಹತ್ತು ಗಂಟೆಯ ಹೊತ್ತಿಗೆ ಎಂಟು ಜನ ಇಳಿದಿದ್ದಾರೆ. ಗುಡ್ಡದ ತುಂಬ ಮಂಜು. ಹಲಗೆಯ ಮೇಲೆ ಒಂದು ಡಬ್ಬಿ ಉಳಿದಿದೆ. ಅದು ವೀರೇಂದ್ರ ಅವರದು, ಬಟ್ಟೆ ಅಂಗಡಿಯವರು, ಒಬ್ಬರೇ ನಡೆಯುವುದು ಅವರ ರೂಢಿ. ಚೀಟಿಯಲ್ಲಿ ಬರೆದ ಹೊತ್ತು ಹತ್ತು. ಹತ್ತೂವರೆ ಆಗುತ್ತದೆ, ಹನ್ನೊಂದಾಗುತ್ತದೆ. ಅಂಗಡಿಯ ಒಂದು ರೂಪಾಯಿ ಫೋನಿನಿಂದ ಮನೆಗೆ ಕೇಳಿದರೆ, "ಇನ್ನೂ ಬಂದಿಲ್ಲವಲ್ಲ, ಯಾಕೆ?" ಎಂದು ಹೆಂಗಸಿನ ಧ್ವನಿ ನಡುಗುತ್ತದೆ. "ಏನಿಲ್ಲ ತಾಯಿ, ಕಾಫಿಗೆ ಕಾಯ್ತಿದ್ದೀವಿ" ಎಂದು ಬೆಳ್ಳಿಯಪ್ಪ ಮೆಲ್ಲಗೆ ಫೋನು ಇಡುತ್ತಾರೆ.

"ರೀ, ಆ ಮನುಷ್ಯ ಹೋದ ವರ್ಷನೂ ಕಳಸಕ್ಕೆ ಇಳಿದಿದ್ರು. ನೆನಪಿಲ್ವಾ?" ಅಂಜನಮ್ಮ ತಡೆಯುತ್ತಾರೆ. "ನಿನ್ನೆಯಿಂದ ಮಂಡಿ ಮಡಚೋಕಾಗ್ತಿಲ್ಲ ನಿಮಗೆ."

"ನೆನಪಿದೆ ಮಾರಾಯ್ತಿ. ಒಲೆ ಮೇಲೆ ನೀರಿಡು. ಬಂದವ್ರಿಗೆ ಕಾಲು ತೊಳೆಯೋಕೆ ಬೇಕು."

ಹನ್ನೊಂದೂವರೆಗೆ ಅವರು ಹೊರಡುತ್ತಾರೆ. ಜೀಪಿನ ಡ್ರೈವರುಗಳಿಬ್ಬರು ಜೊತೆಗೆ ಬರುತ್ತೇವೆಂದರೆ ಬೇಡವೆನ್ನುತ್ತಾರೆ. ದಾರಿ ತಿಳಿಯದವರು ಮಂಜಿನಲ್ಲಿ ಮೇಲೆ ಬಂದರೆ ಹುಡುಕಬೇಕಾದವರು ಮೂರು ಜನ ಆಗುತ್ತಾರೆ. ಊರಿಗೆ ಹೊರಟಿದ್ದ ಎಂಟು ಜನರಲ್ಲಿ ಒಬ್ಬರೂ ಜೀಪು ಹತ್ತುವುದಿಲ್ಲ. ಆಗಾಗ ಮಂಜಿನೊಳಗಿನಿಂದ ಬೆಳ್ಳಿಯಪ್ಪನವರ ಸೀಟಿಯ ಸದ್ದು ಕೇಳಿಸುತ್ತದೆ. ಪ್ರತಿ ಸದ್ದಿನ ನಂತರ ಎಲ್ಲರೂ ಮಾತು ನಿಲ್ಲಿಸಿ, ಉತ್ತರವಾಗಿ ಬರಬೇಕಾದ ಎರಡನೆಯ ಸೀಟಿಗೆ ಕಿವಿ ಕೊಡುತ್ತಾರೆ. ಅದು ಬರುವುದಿಲ್ಲ.

ಒಂದು ಗಂಟೆಗೆ ಫೋನು ರಿಂಗಾಗುತ್ತದೆ. ಅಂಜನಮ್ಮ ಎತ್ತುತ್ತಾರೆ. ವೀರೇಂದ್ರ! ಮಂಜು ಕವಿದಾಗ ಆಚೆ ಬದಿಯಲ್ಲಿ ಬಿಸಿಲು ಕಂಡಿತಂತೆ. ಬೆಳಕನ್ನೇ ಹಿಡಿದುಕೊಂಡು ಇಳಿಯುತ್ತ ಇಳಿಯುತ್ತ ರಸ್ತೆ ಸಿಕ್ಕಿತು, ಜೀಪು ಸಿಕ್ಕಿತು. ಕಳಸದ ಹೋಟೆಲಿನಲ್ಲಿ ಊಟ ಮುಗಿಸಿ, ಹೊಸ ರೀಲು ಹಾಕಲು ಡಬ್ಬಿ ತೆರೆದಾಗ ಹಲಗೆಯ ಮೇಲಿನ ಡಬ್ಬಿ ನೆನಪಾಯಿತಂತೆ.

"ಮೊದಲು ಮನೆಗೆ ಫೋನ್ ಮಾಡಿ, ನಿಮ್ಮ ಹೆಂಡ್ತಿ ಹೆದರಿದ್ದಾರೆ" ಎನ್ನುತ್ತಾರೆ ಅಂಜನಮ್ಮ. ಫೋನು ಇಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮೇಲಿರುವ ಗಂಡನಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇಲ್ಲ.

ಬೆಳ್ಳಿಯಪ್ಪ ಮರಳುವಾಗ ಮೂರೂವರೆ. ಕಾಲಿನಲ್ಲಿ ಇಂಬಳ ಕಚ್ಚಿದ ರಕ್ತ, ಕೈಯಲ್ಲಿ ಊರಿಕೊಂಡ ಕೋಲು. ಸುದ್ದಿ ಕೇಳಿ ಕೋಲನ್ನು ಗೋಡೆಗೆ ಒರಗಿಸುತ್ತಾರೆ.

"ಅವ್ರದ್ದು ಊಟ ಆಯ್ತಂತಾ?"

"ಆಯ್ತಂತೆ. ನಿಮ್ಮದೇ ಆಗಿಲ್ಲ" ಎಂದು ಅಂಜನಮ್ಮ ಬಿಸಿನೀರಿನ ಬಟ್ಟೆಯನ್ನು ಅವರ ಮಂಡಿಗೆ ಒತ್ತುತ್ತಾರೆ.

"ಒಂದೂವರೆ ಗಂಟೆ ಕಾದಿದ್ರೆ ಈ ಕಷ್ಟನೇ ಇರ್ತಿರ್ಲಿಲ್ಲ ನೋಡಿ" ಎಂದು ಜೀಪಿನವರೊಬ್ಬರು ಮರುಗುತ್ತಾರೆ. ಬೇಸರವಾಗಲಿಲ್ಲವೇ ಎಂದು ನಾನೂ ಕೇಳುತ್ತೇನೆ.

"ಯಾಕೆ ಬೇಜಾರು ಅಮ್ಮ? ಬಂಡೆ ಸಂದಿ ನೋಡ್ದೆ, ಹೊಂಡ ನೋಡ್ದೆ, ನೆತ್ತಿವರೆಗೂ ಹೋದೆ." ಬೆಳ್ಳಿಯಪ್ಪ ಕಾಲು ಚಾಚಿ ಕಾಫಿ ಲೋಟ ಕೈಗೆತ್ತಿಕೊಳ್ಳುತ್ತಾರೆ. "ಗುಡ್ಡದಲ್ಲಿ ಯಾರೂ ಬಿದ್ದಿಲ್ಲ ಅಂತ ಫೋನು ಹೇಳ್ತು, ಸರಿ. ನಾನು ನೋಡಿ ಬಂದೆ."