ಅಪ್ಪನ ಬಾಯಿ ಮುಚ್ಚಿಸಿದ ಫ್ಲೆಕ್ಸ್

ಅಪ್ಪ ತೀರಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ, ಎರಡು ದೋಸೆ ಮುಗಿಸಿ ಮೂರನೆಯದಕ್ಕೆ ತಟ್ಟೆ ಚಾಚಿದ್ದಾಗ. ಅಮ್ಮ ಒಲೆಯ ಕಡೆಯಿಂದ ತಿರುಗುವಷ್ಟರಲ್ಲಿ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಅವಳು ದೋಸೆಯನ್ನು ತಟ್ಟೆಗೆ ಹಾಕಿ, "ಏಳ್ರೀ, ಸಾಕು ನಾಟ್ಕ" ಎಂದಳು. ಆ ಮನುಷ್ಯ ಸತ್ತಂತೆ ನಟಿಸಿದ್ದು ಅದೇ ಮೊದಲೇನಲ್ಲ. ಫೋನಿನಲ್ಲಿ ಸುದ್ದಿ ಕೇಳಿದ ನೆಂಟರಲ್ಲಿ ಅರ್ಧ ಜನ ನಕ್ಕರು. ಅವರನ್ನು ನಂಬಿಸುವುದೇ ಆ ದಿನ ನನಗೆ ದೊಡ್ಡ ಕೆಲಸವಾಯಿತು. ಡೆಂಕಣಿಕೋಟೆ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ನನ್ನ ಸೋದರಮಾವನಂತೂ, "ಭಾವನ ಕೈಗೇ ಫೋನ್ ಕೊಡಮ್ಮಿ, ಅವ್ರೇ ಹೇಳ್ಲಿ ಸತ್ತೋದೆ ಅಂತ" ಎಂದ. ನಾನು ಅಳುವುದು ಕೇಳಿಸಿದ ಮೇಲೆ ಫೋನಿಟ್ಟು ಮುಂದಿನ ಬಸ್ಸಿಗೇ ಹೊರಟುಬಂದ.

ಅಪ್ಪನಿಗೆ ಆಗ ಐವತ್ತನಾಲ್ಕು. ಮಾಲೂರು ಕಡೆಯಿಂದ ಹೊಸೂರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದು, ಮತ್ತಿಗಿರಿಯಲ್ಲಿ ಮನೆ ಮಾಡಿ ನೆಲೆ ನಿಂತವರು. ತಗಡನ್ನು ಧಡ್ ಧಡ್ ಎಂದು ಒತ್ತುವ ಯಂತ್ರಗಳ ನಡುವೆ ಇಪ್ಪತ್ತೆರಡು ವರ್ಷ ನಿಂತು ಬಲಗಿವಿ ಮುಕ್ಕಾಲು ಕೆಟ್ಟಿತ್ತು. ಇಂಥವರಿಗೆ ಸಂಗೀತದ ಹುಚ್ಚು. ಭಜನೆ ಮಂದಿರದವರು ಹೊಸ ಹಾರ್ಮೋನಿಯಂ ಕೊಂಡಾಗ ಹಳೆಯದು ನಮ್ಮ ಮನೆಗೆ ಬಂತು. ಅಪ್ಪ ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳಲಿಲ್ಲ. "ಕಲ್ತರೆ ತಪ್ಪು ಗೊತ್ತಾಯ್ತದೆ, ಆಮ್ಯಾಕೆ ನುಡ್ಸಕ್ಕೆ ಭಯ ಬತ್ತದೆ" ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದುದು ನಾಲ್ಕು ಹಾಡು. ಮೂರು ಒಂದೇ ಥರ ಕೇಳುತ್ತಿದ್ದವು. ನಾಲ್ಕನೆಯದು ಯಾವುದೆಂದು ಅವರೇ ಹೇಳಬೇಕಾಗಿತ್ತು.

ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಬಸ್ಸು ಹತ್ತಿ ಕೃಷ್ಣಗಿರಿ ಡ್ಯಾಮಿಗೆ ಹೋಗಬೇಕು. ಬಸ್ಸಿನಲ್ಲಿ ಹಾರ್ಮೋನಿಯಂಗೆ ಕಿಟಕಿ ಪಕ್ಕದ ಸೀಟು, ನಾನು ಅಮ್ಮನ ತೊಡೆಯ ಮೇಲೆ. ಡ್ಯಾಮಿನ ಪಾರ್ಕಿನಲ್ಲಿ ಹುರಿದ ಮೀನು ತಿಂದು, ಕೈ ತೊಳೆದು, ಅಪ್ಪ ಹುಲ್ಲಿನ ಮೇಲೆ ಕಛೇರಿ ಶುರು ಮಾಡುತ್ತಿದ್ದರು. ಒಮ್ಮೆ ಮೂವತ್ತು ನಲವತ್ತು ಜನ ಸುತ್ತ ಸೇರಿದರು. ಅಪ್ಪನ ಮುಖ ಅರಳಿಹೋಯಿತು. ಎರಡನೆಯ ಹಾಡು ಮುಗಿದಾಗ ಮುಂದೆ ನಿಂತಿದ್ದ ಮುದುಕರೊಬ್ಬರು, ಹಾಡು ಸಾಕು, ಮಂಡಿನೋವಿನ ಎಣ್ಣೆ ಎಲ್ಲಿ ತೆಗೆಯಿರಿ ಎಂದು ತಮಿಳಿನಲ್ಲಿ ಕೇಳಿದರು. ಅಪ್ಪನಿಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಎಣ್ಣೆ ಮುಂದಿನ ವಾರ ತರುವುದಾಗಿ ಮಾತು ಕೊಟ್ಟು, ಮೂರನೆಯ ಹಾಡಿಗೆ ಹೋದರು.

ಪಕ್ಕದ ಮನೆಯಲ್ಲಿ ತಮಿಳರೊಬ್ಬರು, ನಿವೃತ್ತ ಹೆಡ್‌ಮಾಸ್ಟರ್, ಇದ್ದರು. ಸಂಜೆ ಆರರಿಂದ ಏಳರವರೆಗೆ ಅಪ್ಪನ ಸಾಧನೆ, ಅದೇ ಹೊತ್ತಿಗೆ ಅವರ ತಲೆನೋವು. ಒಂದು ದಿನ ಅವರು ಅಚ್ಚ ತಮಿಳಿನಲ್ಲಿ ಎರಡು ಪುಟ ಬರೆದು ಕಳಿಸಿದರು. ಅಪ್ಪ ತಮಿಳನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ತಮಿಳು ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದ ನನ್ನ ಕೈಗೆ ಕಾಗದ ಕೊಟ್ಟು, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. ಈ ಸದ್ದಿನಿಂದ ನಮ್ಮ ಸಂಜೆಗಳು ಹಾಳಾಗಿವೆ, ಬೀದಿಯ ನಾಯಿಗಳೂ ಊರು ಬಿಟ್ಟಿವೆ, ನಾಗರಿಕರಾದ ನೀವು ಇದನ್ನು ನಿಲ್ಲಿಸುವಿರೆಂದು ನಂಬಿದ್ದೇನೆ ಎಂದು ಅದರಲ್ಲಿತ್ತು. ನಾನು ತಲೆಯೆತ್ತಿ ಅಪ್ಪನ ಮುಖ ನೋಡಿದೆ.

"ನಿಮ್ಮ ಸಂಗೀತದಿಂದ ನಮ್ಮ ಸಂಜೆಗಳು ಪಾವನ ಆಗವೆ ಅಂತ ಬರ್ದವ್ರೆ" ಎಂದೆ.

"ಇನ್ನೇನ್ ಬರ್ದವ್ರೆ?"

"ನಾಯಿಗಳ್ ಬಗ್ಗೆನೂ ಬರ್ದವ್ರೆ. ಅವೂ ಕೇಳ್ತವಂತೆ."

ಮರುದಿನ ಅಪ್ಪ ತಟ್ಟೆಯಲ್ಲಿ ಬಾಳೆಹಣ್ಣು, ವೀಳ್ಯದೆಲೆ ಇಟ್ಟುಕೊಂಡು ಹೋಗಿ ಹೆಡ್‌ಮಾಸ್ಟರರ ಕಾಲಿಗೆ ಬಿದ್ದುಬಂದರು. ಇಂಥ ರಸಿಕರು ದೂರ ಕೂತು ಕೇಳುವುದು ಸರಿಯಲ್ಲವೆಂದು, ಹಾರ್ಮೋನಿಯಂ ಅನ್ನು ಅವರ ಮನೆಗೆ ತಾಗಿದ ಗೋಡೆಯ ಪಕ್ಕಕ್ಕೆ ಸರಿಸಿದರು. ಹೆಡ್‌ಮಾಸ್ಟರ್ ಎರಡನೆಯ ಕಾಗದ ಬರೆಯಲಿಲ್ಲ. ಕಾಲಿಗೆ ಬಿದ್ದವನ ಮೇಲೆ ದೂರು ಹೇಳುವುದು ಹೇಗೆಂದು ಅವರಿಗೆ ತಿಳಿದಿರಲಾರದು. ನಾನು ಅಮ್ಮನ ಹತ್ತಿರ ತಪ್ಪು ಒಪ್ಪಿಕೊಂಡಾಗ ಅವಳು, "ಬಿಡು, ನಿಮ್ಮಪ್ಪಂಗೂ ಒಬ್ಬ ಅಭಿಮಾನಿ ಇರ್ಲಿ" ಎಂದಳು.

ಅಪ್ಪನ ಸಂಗೀತ ನಿಜವಾಗಿ ಉಪಕಾರಕ್ಕೆ ಬಂದದ್ದು ಒಮ್ಮೆ ಮಾತ್ರ. ನಾವು ಮಾವನ ಹಳ್ಳಿಗೆ ಹೋಗಿದ್ದಾಗ ಬೆಳಗಿನ ಜಾವ ಕಾಡಿನಿಂದ ಮೂರು ಆನೆ ಬಂದು ರಾಗಿ ಹೊಲದಲ್ಲಿ ನಿಂತವು. ಊರವರು ತಟ್ಟೆ ಬಡಿದರು, ಪಟಾಕಿ ಹೊಡೆದರು. ಅಪ್ಪ ಜಗುಲಿಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಮೊದಲನೆಯ ಹಾಡು ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಆನೆಗಳು ಕಾಡಿನ ಕಡೆ ತಿರುಗಿದವು. ಪಟಾಕಿಗೋ ಹಾಡಿಗೋ ಎಂದು ಅಪ್ಪ ಕೇಳಿದಾಗ ಮಾವ ಗಂಭೀರವಾಗಿ, "ನೀವು ನುಡ್ಸಿದ್ದಕ್ಕೇ ಹೋದ್ವು ಭಾವ. ಇನ್ನೊಂದ್ ಗಳಿಗೆ ಬಿಟ್ಟಿದ್ರೆ ನಾವೂ ಹೋಗ್ಬುಡ್ತಿದ್ವಿ" ಎಂದ. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಸಿಕ್ಕಿದವರಿಗೆಲ್ಲ ಈ ಕಥೆಯನ್ನು ಮಾವನ ಮಾತನ್ನೂ ಸೇರಿಸಿ ಅವರೇ ಹೇಳುತ್ತಿದ್ದರು.

ಇನ್ನು ನಮ್ಮ ಕನ್ನಡ ಸಂಘ. ಅಪ್ಪ ಅದರ ಸದಸ್ಯರು. ಪ್ರತಿ ರಾಜ್ಯೋತ್ಸವಕ್ಕೂ ತಮಗೊಂದು ಅವಕಾಶ ಕೊಡಿ ಎಂದು ಕೇಳುವರು. ಸಂಘದ ಕಾರ್ಯದರ್ಶಿ ಅವರ ಹೆಸರನ್ನು ಪಟ್ಟಿಯ ಕೊನೆಗೆ ಹಾಕುವರು, ವಂದನಾರ್ಪಣೆಯ ನಂತರ. ಶಾಮಿಯಾನದವರು ಕುರ್ಚಿ ಮಡಚಿ ಗಾಡಿಗೆ ತುಂಬುವಾಗ ಅಪ್ಪ ನುಡಿಸುತ್ತಿದ್ದರು. ಒಂದು ವರ್ಷ ಅವರು ಕೂತಿದ್ದ ಜಮಖಾನೆಯನ್ನೇ ಎಳೆದರು.

ಆ ಕಾರ್ಯದರ್ಶಿಯೇ ಅಪ್ಪ ಸತ್ತ ಎರಡನೆಯ ದಿನ ಮನೆಗೆ ಬಂದು, ಸಂಗೀತ ಲೋಕಕ್ಕೆ ತುಂಬಲಾರದ ನಷ್ಟವಾಗಿದೆ ಎಂದರು. ಬಸ್ ಸ್ಟಾಪಿನಲ್ಲಿ ಸಂಘದ ವತಿಯಿಂದ ದೊಡ್ಡ ಫ್ಲೆಕ್ಸ್ ಹಾಕಿಸುವುದಾಗಿಯೂ ಹೇಳಿ ಫೋಟೋ ಕೇಳಿದರು. ಫ್ಲೆಕ್ಸ್ ಬೋರ್ಡುಗಳು ನಮ್ಮ ಕಡೆಗೆ ಆಗತಾನೇ ಬಂದಿದ್ದ ಕಾಲ. ಹುಟ್ಟುಹಬ್ಬ, ಕಿವಿ ಚುಚ್ಚುವುದು, ಸಾವು, ಎಲ್ಲಕ್ಕೂ ಬೇಕಾಗಿತ್ತು. ಅಮ್ಮ ಆಲ್ಬಮ್ ಮುಂದಿಟ್ಟಳು. ಎಲ್ಲದರಲ್ಲೂ ಅಪ್ಪ ಬಾಯಿ ತುಂಬ ನಗುತ್ತಿದ್ದರು. ನಮ್ಮ ಅಜ್ಜಿಯ ತಿಥಿಯ ಫೋಟೋದಲ್ಲೂ ನಗುತ್ತಿದ್ದರು.

ಕಾರ್ಯದರ್ಶಿಯ ಜೊತೆ ನಾನೂ ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಫೋಟೋ ನೋಡಿ ತಲೆಯಾಡಿಸಿದ. "ಸತ್ತೋದವ್ರು ಹಲ್ಲು ಬಿಡಬಾರ್ದು ಮೇಡಂ. ನೋಡೋರು ಹುಟ್ಟಿದ್ದಬ್ಬ ಅಂದ್ಕೊಂಡ್ಬುಡ್ತಾರೆ. ಬಿಡಿ, ಕಂಪ್ಯೂಟರ್‌ನಾಗೆ ಬಾಯಿ ಮುಚ್ಚಿಸ್ತೀನಿ."

ಮದುವೆಯಾದ ಮೂವತ್ತು ವರ್ಷಗಳಲ್ಲಿ ಅಮ್ಮನಿಂದ ಆಗದ ಕೆಲಸವನ್ನು ಅವನು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದ. ಬೇರೆ ಯಾವುದೋ ಗಿರಾಕಿಯ ಮುಚ್ಚಿದ ಬಾಯಿಯನ್ನು ತಂದು ಅಪ್ಪನ ಮುಖಕ್ಕೆ ಅಂಟಿಸಿದ. ಆ ಬಾಯಿಯ ಮೇಲೆ ಮೀಸೆಯೂ ಇತ್ತು. ಅಪ್ಪನಿಗೆ ಮೀಸೆ ಇರಲಿಲ್ಲ ಎಂದು ನಾನು ಹೇಳಿದೆ. "ಇರ್ಲಿ ಬಿಡಮ್ಮ, ಗೌರವ ಕಾಣ್ತದೆ" ಎಂದರು ಕಾರ್ಯದರ್ಶಿ. ಕೆಳಗೆ 'ನಾದಲೋಕದ ಧ್ರುವತಾರೆ ಅಸ್ತಂಗತ' ಎಂದು ಅಚ್ಚಾಯಿತು, ಅದರ ಪಕ್ಕದಲ್ಲಿ ಅಪ್ಪನಿಗಿಂತ ತುಸು ದೊಡ್ಡದಾಗಿ ಕಾರ್ಯದರ್ಶಿಯ ಫೋಟೋ. ಅವರು ನಗುತ್ತಿದ್ದರು.

ಕಾರ್ಖಾನೆಯ ಇಬ್ಬರು ಗೆಳೆಯರು ಆ ಬೋರ್ಡಿನ ಕೆಳಗೇ ಬಸ್ಸಿಳಿದು, ಯಾರೋ ಪಾಪ ಎಂದುಕೊಂಡು, ಎರಡು ದಿನದಿಂದ ಯಾಕೆ ಡ್ಯೂಟಿಗೆ ಬಂದಿಲ್ಲವೆಂದು ಅಪ್ಪನನ್ನು ವಿಚಾರಿಸಲು ನಮ್ಮ ಮನೆಗೆ ಬಂದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಸಂಘದ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ. ಕಾರ್ಯದರ್ಶಿ ಮುಕ್ಕಾಲು ಗಂಟೆ ಮಾತಾಡಿದರು. ತಮ್ಮ ಬಾಲ್ಯ, ತಾವು ಕಟ್ಟಿದ ಸಂಘ, ತಮಗೆ ಸಿಗಬೇಕಾಗಿದ್ದು ಸಿಗದ ಪ್ರಶಸ್ತಿ ಎಲ್ಲ ಬಂದವು. ಇಂಥ ಮಹಾನ್ ಕಲಾವಿದರಿಗೆ ತಾವೇ ವೇದಿಕೆ ಕೊಟ್ಟು ಬೆಳೆಸಿದ್ದಾಗಿ ಹೇಳುವಾಗ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕೆಂದು ಕೇಳಿಕೊಂಡರು.

ಎದ್ದು ನಿಂತೆವು. ಕುರ್ಚಿಗಳ ಸದ್ದು ಅಡಗಿತು. ಫ್ಯಾನು ತಿರುಗುವುದು ಮಾತ್ರ ಕೇಳಿಸುತ್ತಿತ್ತು. ನನ್ನ ಒಂದು ಪಕ್ಕ ಅಮ್ಮ, ಅವಳಾಚೆ ಮಾವ. ಅರ್ಧ ನಿಮಿಷ ಕಳೆದಿರಬಹುದು, ಮಾವ ಅಮ್ಮನ ಕಿವಿಯ ಹತ್ತಿರ ಬಾಗಿ, "ಅಕ್ಕ, ಭಾವ ಯಾವತ್ತಾದ್ರೂ ಇಷ್ಟೊತ್ತು ಸುಮ್ಕಿದ್ರಾ?" ಎಂದ.

ಅಮ್ಮನ ಭುಜ ಅಲುಗಿತು. ಅಳುತ್ತಿದ್ದಾಳೆಂದು ನಾನು ಕೈ ಹಿಡಿದುಕೊಂಡೆ. ಅವಳು ಮೂಗಿನಿಂದ ಒಂದು ಸದ್ದು ಮಾಡಿದಳು, ತುಟಿ ಕಚ್ಚಿದಳು, ಕೊನೆಗೆ ತಡೆಯಲಾಗದೆ ನಕ್ಕೇಬಿಟ್ಟಳು. ಮಾವನಿಗೂ ಬಂತು, ನನಗೂ ಬಂತು. ಹಿಂದಿನ ಸಾಲಿನಲ್ಲಿದ್ದ ಕಾರ್ಖಾನೆಯವರು, ಯಾಕೆಂದು ಗೊತ್ತಿಲ್ಲದಿದ್ದರೂ, ನಗತೊಡಗಿದರು. ಕಾರ್ಯದರ್ಶಿ ಮೈಕಿನಲ್ಲಿ, "ದಯವಿಟ್ಟು ಗಾಂಭೀರ್ಯ ಕಾಪಾಡಿ, ಇನ್ನೂ ಹದಿನೈದು ಸೆಕೆಂಡ್ ಅದೆ" ಎಂದದ್ದು ಇನ್ನಷ್ಟು ಕೆಡಿಸಿತು.

ಮುಂದಿನ ತಿಂಗಳು ಸಂಘದ ಪತ್ರಿಕೆಯಲ್ಲಿ, 'ಮೌನಾಚರಣೆಯ ವೇಳೆ ಮೃತರ ಪತ್ನಿ ದುಃಖ ತಡೆಯಲಾರದೆ ಬಿಕ್ಕಳಿಸಿದ್ದು ನೆರೆದವರ ಮನ ಕಲಕಿತು' ಎಂದು ವರದಿ ಬಂತು. ಅಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು.

ಅವಳು ಅತ್ತದ್ದನ್ನು ನಾನು ನೋಡಿದ್ದು ಇನ್ನೂ ತಡವಾಗಿ. ಇಬ್ಬರೂ ರಾಯಕೋಟೆಯ ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ಭಾನುವಾರಗಳಂದು ನಾವು ಡ್ಯಾಮಿಗೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರೇ ಇದರಲ್ಲೂ ಇದ್ದ. ಅಮ್ಮನನ್ನು ನೋಡಿ ಮುಖವರಳಿಸಿ, "ಎನ್ನಮ್ಮಾ, ಸಾರ್ ವರಲಿಯಾ?" ಎಂದು ಕೇಳಿದ. ಸಾರ್ ಬರಲಿಲ್ಲವೇ ಎಂದು ಅವನು ಕೇಳಿದ್ದಕ್ಕೆ ಅಮ್ಮ ತಡವರಿಸಲಿಲ್ಲ. "ಇಲ್ಲೆಪ್ಪಾ, ವೀಟ್ಲ ಇರುಕ್ಕಾರು" ಎಂದಳು, ಇಲ್ಲಪ್ಪ, ಮನೆಯಲ್ಲಿದ್ದಾರೆ. ಅವನು ನಗುತ್ತ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಅಮ್ಮ ಕಿಟಕಿಯ ಕಡೆಗೆ ತಿರುಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ರಾಯಕೋಟೆ ಬರುವವರೆಗೂ ಅತ್ತಳು.